ಅಜ್ಜಿಯ ಹಾಡು ನಿಮ್ಮ ಹತ್ತಿರ ಉಳಿದಿದೆಯಾ?

ಅವ್ವ ತೀರಿಕೊಂಡಾಗ ನಾನು ಅಳಲಿಲ್ಲ. ಅಳೋಕೆ ಪುರುಸೊತ್ತಾದರೂ ಎಲ್ಲಿತ್ತು? ಬಂದವರಿಗೆ ಊಟ, ತಿಥಿಯ ಸಾಮಾನು, ಅದರ ಬೆನ್ನಿಗೇ ಮಗಳ ಪರೀಕ್ಷೆ. "ಎಷ್ಟು ಗಟ್ಟಿಗಿತ್ತಿ ನೋಡು" ಎಂದು ನೆಂಟರು ಹೊಗಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಿಕ್ಸಿಗೆ ತೆಂಗಿನತುರಿ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಅವ್ವ ಗುನುಗುತ್ತಿದ್ದ ಬೀಸುವ ಹಾಡಿನ ಒಂದು ಸಾಲು ಬಾಯಿಗೆ ಬಂತು. ಮುಂದಿನ ಸಾಲು ಬರಲಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ ಅವನಿಗೂ ಗೊತ್ತಿಲ್ಲ. ಅವತ್ತು ಅಡುಗೆಮನೆಯ ಕಟ್ಟೆ ಹಿಡಿದು ನಿಂತುಬಿಟ್ಟೆ. ಅವ್ವ ಹೋಗಿದ್ದು ನನಗೆ ನಿಜವಾಗಿ ಗೊತ್ತಾಗಿದ್ದು ಆಗಲೇ.

ನನ್ನ ತವರು ಶಿಕಾರಿಪುರ. ದೊಡ್ಡವ್ವ ಇರುವುದು ಪಕ್ಕದ ಸೊರಬ ತಾಲೂಕಿನ ಹಳ್ಳಿಯಲ್ಲಿ. ಹಾಡು ಕೇಳಿದರೆ, "ಫೋನಲ್ಲಿ ಬರಲ್ಲ ಕಣವ್ವ, ಕೈ ಆಡ್ಬೇಕು" ಎಂದಳು. ಭಾನುವಾರ ಬಸ್ಸು ಹತ್ತಿದೆ. ಮೂಲೆ ಸೇರಿದ್ದ ಬೀಸುಕಲ್ಲಿನ ಮುಂದೆ ಕೂತು, ಒಂದು ಹಿಡಿ ಅಕ್ಕಿ ಹಾಕಿ ಗೂಟ ತಿರುಗಿಸಿದಳು ನೋಡಿ, ಹಾಡು ತಾನಾಗಿ ಬಂತು! ನಡುವೆ ನಿಲ್ಲಿಸಿ ಹೇಳಿದಳು: "ಈ ನುಡಿ ನಿಮ್ಮಜ್ಜಿದು. ಮದುವೆಯಾದ ವರ್ಷ ಹಬ್ಬಕ್ಕೆ ತವರಿಗೆ ಕಳಿಸಲಿಲ್ಲವಂತೆ. ಆಗ ಸೇರಿಸಿದ್ದು."

ಅಲ್ಲಿ ಅತ್ತೆ. ಅವ್ವನಿಗಾಗಿ, ನಾನು ಮುಖವನ್ನೇ ನೋಡದ ಅಜ್ಜಿಗಾಗಿ.

ಹಾಡಿನಲ್ಲಿದೆ ನಮ್ಮ ವಂಶಾವಳಿ

ನಿಮ್ಮ ಅಜ್ಜಿಯ ಅಜ್ಜಿಯ ಹೆಸರೇನು? ಹೇಳಿ ನೋಡೋಣ. ನನಗಂತೂ ಗೊತ್ತಿಲ್ಲ. ವಂಶವೃಕ್ಷದಲ್ಲಿ ತಾತ, ಮುತ್ತಾತಂದಿರು ಇರುತ್ತಾರೆ. ಹೊಲ, ಮನೆ, ಮನೆತನದ ಹೆಸರು ಅವರ ಕಡೆಯಿಂದ ಬರುತ್ತವೆ. ಹೆಣ್ಣುಮಕ್ಕಳು ಮಗಳ ಕೈಗೆ ಕೊಟ್ಟುಹೋದದ್ದು ಬೇರೆ: ಹಸೆಯ ಹಾಡು, ಸೋಬಾನೆ, ಜೋಗುಳ, ಬೀಸುವ ಪದ. 1931ರಲ್ಲಿ ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಇಂಥ ತ್ರಿಪದಿಗಳನ್ನು ಸಂಗ್ರಹಿಸಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸದಿದ್ದರೆ ಎಷ್ಟು ಗರತಿಯರ ಕಣ್ಣೀರು, ನಗು ಹಿಟ್ಟಿನ ಜೊತೆಗೇ ಹಾರಿಹೋಗುತ್ತಿತ್ತೋ!

ಸೊರಬ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ತೆನೆ ಹೊತ್ತ ಭೂಮಿಯನ್ನು ಬಸುರಿ ಎಂದು ಕಂಡು, ಆ ಬುಟ್ಟಿಯಲ್ಲಿ ಬಯಕೆಯೂಟ ಹೊತ್ತು ಗದ್ದೆಗೆ ಹೋಗುತ್ತಾರೆ. ಆ ಎಳೆಗಳೂ ಅಷ್ಟೇ, ಅಮ್ಮನ ಕೈ ನೋಡಿ ಮಗಳು ಕಲಿತದ್ದು.

ಉಡುತಡಿಯ ಅಕ್ಕ

ನಮ್ಮ ಶಿಕಾರಿಪುರ ತಾಲೂಕಿನ ಉಡುತಡಿಯೇ ಅಕ್ಕಮಹಾದೇವಿಯ ಊರು. ಹನ್ನೆರಡನೆಯ ಶತಮಾನದಲ್ಲಿ ಕೌಶಿಕ ರಾಜನ ಅರಮನೆ ಬಿಟ್ಟು ಒಬ್ಬಳೇ ಕಲ್ಯಾಣಕ್ಕೆ ನಡೆದವಳು. ಅಲ್ಲಿ ಅವಳನ್ನು ಬಿರುಸಾಗಿ ಪ್ರಶ್ನಿಸಿದ ಅಲ್ಲಮಪ್ರಭು ಇದೇ ತಾಲೂಕಿನ ಬಳ್ಳಿಗಾವಿಯವರು. ಅಕ್ಕ ಎಂದರೆ ನಮಗೆ ದೊಡ್ಡ ವೈರಾಗ್ಯಮೂರ್ತಿ. ಆದರೆ ವಚನಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಎಷ್ಟೋ ಕಡೆ ಅವಳು ಅಕ್ಕನನ್ನು, ಅವ್ವನನ್ನು, ಗೆಳತಿಯನ್ನು ಕರೆದು ಮಾತಾಡುತ್ತಾಳೆ. ಹಸಿವು, ಸಂಕಟ, ಮೈಮೇಲೆ ಬೀಳುವ ಕಣ್ಣುಗಳು, ಯಾವುದನ್ನೂ ಮುಚ್ಚಿಡುವುದಿಲ್ಲ. ಅಷ್ಟು ಗಟ್ಟಿಗಿತ್ತಿಗೇ ಹೇಳಿಕೊಳ್ಳಲು ಒಬ್ಬರು ಬೇಕಾಗಿದ್ದರು. ನಾವು ಮಾತ್ರ "ನನಗೇನೂ ಆಗಿಲ್ಲ" ಅಂತ ಪಾತ್ರೆ ತೊಳೆಯುತ್ತಾ ನಿಲ್ಲುವುದು ಯಾಕೆ?

ಹದಿನೈದು ನಿಮಿಷದ ಮದ್ದು

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್, ಸಾಂಡ್ರಾ ಬೀಲ್ ಅವರೊಂದಿಗೆ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ನೋವಿನ ಘಟನೆಯನ್ನೂ ಆಗಿನ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲಿನ ಅಧ್ಯಯನಗಳ ಪ್ರಕಾರ ಇದರ ಲಾಭ ಸರಾಸರಿ ಸಣ್ಣದೇ, ಎಲ್ಲರಿಗೂ ಒಂದೇ ತರಹ ಆಗುವುದೂ ಇಲ್ಲ. ಆದರೂ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕಲ್ವಾ? ಪ್ರಯತ್ನಿಸಲು ಅಡ್ಡಿಯೇನಿಲ್ಲ.

ನೀವೂ ಹೀಗೆ ಮಾಡಬಹುದು

* ಮನೆಯ ಹಿರಿಯರ ಹತ್ತಿರ "ಒಂದು ಹಾಡು ಹೇಳಿ" ಎಂದರೆ "ನಂಗೇನೂ ಬರಲ್ಲ" ಅಂತಾರೆ. ಕೈಗೆ ಕೆಲಸ ಕೊಡಿ. ಅವರೆಕಾಯಿ ಬಿಡಿಸಲಿ, ಹೂ ಕಟ್ಟಲಿ, ಮಗುವನ್ನು ತೂಗಲಿ. ಹಾಡು ಹಿಂದೆಯೇ ಬರುತ್ತದೆ.

* ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ, ಆದರೆ ಅವರ ಒಪ್ಪಿಗೆ ಕೇಳಿ. ಆಮೇಲೆ ಅವರ ಆಡುಮಾತಿನಲ್ಲೇ ಬರೆಯಿರಿ, ತಿದ್ದಲು ಹೋಗಬೇಡಿ.

* ಹಾಡಿನ ಕೆಳಗೆ ಹಾಡಿದವರ ಹೆಸರು, ಊರು, ಅವರು ಯಾರಿಂದ ಕಲಿತರು ಎಂಬುದನ್ನು ತಪ್ಪದೆ ಬರೆಯಿರಿ.

* ಕೊನೆಗೆ ನಿಮ್ಮದೂ ಎರಡು ಸಾಲು ಸೇರಿಸಿ. ಪ್ರಾಸ ಬೇಡ, ಯಾರಿಗೂ ತೋರಿಸಬೇಕಾಗಿಲ್ಲ. ಮೈನೆರೆದ ದಿನ, ಹೆರಿಗೆ, ಕಳೆದುಕೊಂಡ ಮಗು, ಬಿಟ್ಟುಬಂದ ತವರು, ಯಾವುದಾದರೂ ಸರಿ.

* ಬರೆಯುವಾಗ ಸಂಕಟ ಉಕ್ಕಿ ಬಂದರೆ ನಿಲ್ಲಿಸಿ. ನಿದ್ದೆ, ಊಟ ಸೇರದೆ ವಾರಗಳೇ ಕಳೆದರೆ, ಬದುಕೇ ಬೇಡ ಅನ್ನಿಸಿದರೆ ಹಾಡೊಂದೇ ಸಾಲದು. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ದೊಡ್ಡವ್ವನಿಂದ ನಾನು ಬರೆದುಕೊಂಡಿದ್ದು ಆರು ಹಾಡು. ಏಳನೆಯದನ್ನು ಅರ್ಧಕ್ಕೇ ನಿಲ್ಲಿಸಿ, "ಮರ್ತೋಯ್ತು ಕಣೇ. ಇದು ನಿಮ್ಮವ್ವಂಗೆ ಪೂರ್ತಿ ಬರ್ತಿತ್ತು. ಅವಳಿದ್ದಾಗ್ಲೇ ಕೇಳ್ಬೇಕಿತ್ತು" ಎಂದಳು. ಆ ಅರ್ಧ ಹಾಡು ನನ್ನ ಪುಸ್ತಕದಲ್ಲಿ ಹಾಗೇ ಇದೆ, ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ.

ನಿಮ್ಮ ಅಮ್ಮನೋ, ಅತ್ತೆಯೋ ಇನ್ನೂ ಇದ್ದಾರಲ್ವಾ? ಹಾಗಾದರೆ ಈ ಪುರವಣಿ ಮಡಿಸಿಟ್ಟು, ಇವತ್ತೇ ಒಂದು ಹಾಡು ಕೇಳಿ.