ಶಾಲೆಗೆ ಮುನ್ನ ಶ್ರವಣ ಪರೀಕ್ಷೆ

ಮಗುವಿನ ವಿದ್ಯಾಭ್ಯಾಸವು ಅಕ್ಷರಾಭ್ಯಾಸದ ದಿನ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವವಾಗಿ ಅದಕ್ಕೂ ಬಹಳ ಮೊದಲೇ, ತಾಯಿಯ ದನಿಗೆ ಮಗು ಕಿವಿಗೊಡುವ ದಿನದಿಂದಲೇ, ಅದು ಆರಂಭವಾಗಿರುತ್ತದೆ. ಕೇಳಿದ ಮಾತು ಮನಸ್ಸಿನಲ್ಲಿ ನೆಲೆಯೂರುತ್ತದೆ; ನೆಲೆಯೂರಿದ ಮಾತು ನಾಲಗೆಗೆ ಬರುತ್ತದೆ; ನಾಲಗೆಗೆ ಬಂದ ಮಾತು ಮುಂದೆ ಓದುಬರಹವಾಗುತ್ತದೆ. ಈ ಸರಪಳಿಯ ಮೊದಲ ಕೊಂಡಿಯಾದ ಶ್ರವಣಶಕ್ತಿಯಲ್ಲಿ ಕೊರತೆಯಿದ್ದರೆ ಉಳಿದ ಕೊಂಡಿಗಳೂ ಸಡಿಲಗೊಳ್ಳುತ್ತವೆ.

ದೃಷ್ಟಿದೋಷವುಳ್ಳ ಮಗು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿಯುವುದರಿಂದ ಬೇಗ ಗಮನಕ್ಕೆ ಬರುತ್ತದೆ. ಶ್ರವಣದೋಷ ಹಾಗಲ್ಲ. ಅನೇಕ ಸಂದರ್ಭಗಳಲ್ಲಿ ಅದಕ್ಕೆ ನೋವಿರುವುದಿಲ್ಲ, ಹೊರಗೆ ಕಾಣುವ ಗುರುತೂ ಇರುವುದಿಲ್ಲ. ತನಗೆ ಕಡಿಮೆ ಕೇಳಿಸುತ್ತದೆಂದು ಮಗು ಹೇಳುವುದಿಲ್ಲ. ಎಲ್ಲರಿಗೂ ಇಷ್ಟೇ ಕೇಳಿಸುತ್ತದೆಂದು ಅದು ತಿಳಿದಿರುತ್ತದೆ. ಆದುದರಿಂದ ಪರೀಕ್ಷೆಯ ಮೂಲಕವೇ ಈ ದೋಷವನ್ನು ಗುರುತಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ವಿಶ್ವ ವರದಿಯ ಪ್ರಕಾರ, ಮಕ್ಕಳಲ್ಲಿ ಕಂಡುಬರುವ ಶ್ರವಣದೋಷದಲ್ಲಿ ಸುಮಾರು ಶೇಕಡಾ 60ರಷ್ಟು ತಡೆಯಬಹುದಾದ ಕಾರಣಗಳಿಂದ ಉಂಟಾದುದಾಗಿದೆ.

ಮೂರು ಭಾಷೆಗಳ ನಡುವೆ ಮರೆಯಾಗುವ ದೋಷ

ಚೆನ್ನೈ ನಗರದ ಕೋಡಂಬಾಕ್ಕಂ ಚಲನಚಿತ್ರರಂಗದ ನೆಲೆಯೆಂದು ಪ್ರಸಿದ್ಧವಾದ ಪ್ರದೇಶ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ದಶಕಗಳಲ್ಲಿ ಕಲಾವಿದರು, ತಂತ್ರಜ್ಞರು ಮೊದಲಾದ ಕನ್ನಡಿಗರಿಗೆ ಇದು ಪರಿಚಿತ ಸ್ಥಳವಾಗಿತ್ತು. ಇಲ್ಲಿನ ಕನ್ನಡ ಮನೆಯೊಂದರಲ್ಲಿ ಬೆಳೆಯುವ ಮಗುವಿನ ಸ್ಥಿತಿಯನ್ನು ಪರಿಶೀಲಿಸೋಣ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಎರಡೂವರೆ ವರ್ಷವಾದರೂ ಮಗು ಎರಡು ಪದ ಕೂಡಿಸಿ ಮಾತನಾಡುವುದಿಲ್ಲ. “ಮೂರು ಭಾಷೆಗಳ ಗೊಂದಲ, ನಿಧಾನವಾಗಿ ಸರಿಹೋಗುತ್ತದೆ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಮಾತನಾಡಿರೆಂದು ಮತ್ತೊಬ್ಬರು ಸಲಹೆ ನೀಡುತ್ತಾರೆ. ಹೀಗೆ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. ಮಗುವಿನ ಕಿವಿಯನ್ನು ಮಾತ್ರ ಯಾರೂ ಪರೀಕ್ಷಿಸಿರುವುದಿಲ್ಲ.

ಕಿವಿ ಚೆನ್ನಾಗಿ ಕೇಳಿಸುವ ಮಗು ಎರಡು ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯಬಲ್ಲದು. ಒಂದು ಭಾಷೆಯ ಪದವನ್ನು ಇನ್ನೊಂದರಲ್ಲಿ ಬೆರೆಸುವುದು ಸಹಜ. ಆದರೆ ಎಲ್ಲ ಭಾಷೆಗಳ ಪದಗಳನ್ನು ಕೂಡಿಸಿದರೂ ಮಾತು ವಯಸ್ಸಿಗೆ ತಕ್ಕಷ್ಟಿಲ್ಲವಾದರೆ ಅದಕ್ಕೆ ಭಾಷೆಗಳ ಸಂಖ್ಯೆಯನ್ನು ದೂರುವುದು ಸರಿಯಲ್ಲ. ಮೊದಲು ಶ್ರವಣ ಪರೀಕ್ಷೆಯಾಗಬೇಕು.

ಮತ್ತೊಂದು ಸಂಗತಿಯೂ ಗಮನಾರ್ಹ. ಸ, ಶ, ಚ ಮುಂತಾದ ವ್ಯಂಜನಗಳು ಎತ್ತರದ ಸ್ಥಾಯಿಯ ಮೆಲುದನಿಗಳು. ಹೆಚ್ಚಿನ ಆವರ್ತದ ಧ್ವನಿಗಳು ಕೇಳಿಸದ ಮಗು ಇವುಗಳಲ್ಲಿ ತಪ್ಪುವುದು ಸಾಮಾನ್ಯ. ತಮಿಳು ಲಿಪಿಯಲ್ಲಾದರೋ ಚಕಾರ ಸಕಾರಗಳೆರಡಕ್ಕೂ ಒಂದೇ ಅಕ್ಷರ ಬಳಕೆಯಲ್ಲಿದೆ. ಆದಕಾರಣ ಮಗು ಮಾಡುವ ತಪ್ಪನ್ನು ತಮಿಳಿನ ಪ್ರಭಾವವೆಂದು ಬಗೆದು ಸುಮ್ಮನಾಗುವ ಸಂಭವವುಂಟು. ಮಲಯಾಳಂ ಪರಿಸರದ ಕಾಸರಗೋಡಿನಲ್ಲಿ, ಮರಾಠಿ ಪರಿಸರದ ಗಡಿ ಊರುಗಳಲ್ಲಿ ಬೆಳೆಯುವ ಕನ್ನಡ ಮಕ್ಕಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ.

ತರಗತಿಯಲ್ಲಿ ಆಗುವ ನಷ್ಟ

ಶ್ರವಣದೋಷವೆಂದರೆ ಸಂಪೂರ್ಣ ಕಿವುಡುತನವೆಂದೇ ಅರ್ಥವಲ್ಲ. ಶಬ್ದದ ಪ್ರಮಾಣವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. 20 ಡೆಸಿಬೆಲ್‌ಗಿಂತ ಮೆಲುವಾದ ಶಬ್ದವೂ ಕೇಳಿಸಿದರೆ ಶ್ರವಣಶಕ್ತಿ ಸಹಜವೆನ್ನಲಾಗುತ್ತದೆ. 30 ಡೆಸಿಬೆಲ್‌ಗಳಷ್ಟು ಕೊರತೆಯುಳ್ಳ ಮಗು ಕರೆದರೆ ಓಗೊಡುತ್ತದೆ, ಬಾಗಿಲು ಬಡಿದರೆ ತಿರುಗಿ ನೋಡುತ್ತದೆ. ಆದುದರಿಂದ ಅದಕ್ಕೆ ಕಿವಿ ಕೇಳಿಸುತ್ತದೆಂದು ಮನೆಯವರು ನಂಬುತ್ತಾರೆ. ಆದರೆ ಗದ್ದಲದ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತಾಗ ಅದಕ್ಕೆ ಪಾಠ ಅರೆಬರೆಯಾಗಿ ಕೇಳಿಸುತ್ತದೆ. ತೆರೆದ ಸ್ಥಳದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದವು ಸುಮಾರು 6 ಡೆಸಿಬೆಲ್‌ಗಳಷ್ಟು ಕುಗ್ಗುತ್ತದೆ. ಗೋಡೆಗಳಿರುವ ಕೊಠಡಿಯಲ್ಲಿ ಪ್ರತಿಧ್ವನಿ ಸೇರಿ ಮಾತು ಕಲಸಿಹೋಗುತ್ತದೆ. ಶಿಕ್ಷಕರು ಕರಿಹಲಗೆಯ ಕಡೆಗೆ ಮುಖ ಮಾಡಿ ಮಾತನಾಡಿದಾಗ ತುಟಿಗಳ ಚಲನೆಯನ್ನು ನೋಡಿ ತಿಳಿಯುವ ಅವಕಾಶವೂ ತಪ್ಪುತ್ತದೆ.

ಕನ್ನಡದಲ್ಲಿ ಪದದ ಕೊನೆಯ ಪ್ರತ್ಯಯವೇ ಅರ್ಥವನ್ನು ನಿರ್ಣಯಿಸುತ್ತದೆ. ‘ಶಾಲೆಗೆ’, ‘ಶಾಲೆಯಿಂದ’, ‘ಶಾಲೆಯಲ್ಲಿ’ ಎಂಬಲ್ಲಿ ಭೇದವಿರುವುದು ತುದಿಯಲ್ಲಿ. ಮಾತಿನ ಓಟದಲ್ಲಿ ಸಾಮಾನ್ಯವಾಗಿ ಮೆಲುವಾಗುವುದೂ ಆ ತುದಿಯೇ. ಅದು ಕೇಳಿಸದ ಮಗು ಉಕ್ತಲೇಖನದಲ್ಲಿ ತಪ್ಪುತ್ತದೆ, ಲೆಕ್ಕದ ಪ್ರಶ್ನೆಯನ್ನು ಬೇರೆಯಾಗಿ ಗ್ರಹಿಸುತ್ತದೆ. ಕ್ರಮೇಣ ಅದಕ್ಕೆ ‘ಮಂದಬುದ್ಧಿ’, ‘ಅಲಕ್ಷ್ಯ’, ‘ಹಟಮಾರಿ’ ಎಂಬ ಹೆಸರು ಬರುತ್ತದೆ. ತಾನು ಮಾಡದ ತಪ್ಪಿಗೆ ಶಿಕ್ಷೆಗೊಳಗಾದ ಮಗು ಶಾಲೆಯಿಂದಲೇ ವಿಮುಖವಾಗುವ ಅಪಾಯವಿದೆ.

ಗಮನಿಸಬೇಕಾದ ಲಕ್ಷಣಗಳು

ಜೋರಾದ ಶಬ್ದಕ್ಕೆ ಶಿಶು ಬೆಚ್ಚದಿರುವುದು; ಆರು ತಿಂಗಳಾದರೂ ದನಿ ಬಂದತ್ತ ತಿರುಗದಿರುವುದು; ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ಸ್ಪಂದಿಸದಿರುವುದು; ಒಂದೂವರೆ ವರ್ಷವಾದರೂ ಒಂದೂ ಪದವನ್ನಾಡದಿರುವುದು. ಇವು ಎಳೆಯ ವಯಸ್ಸಿನ ಲಕ್ಷಣಗಳು. ಶಾಲೆಗೆ ಹೋಗುವ ಮಗು ಪದೇ ಪದೇ “ಏನು?” ಎಂದು ಕೇಳುವುದು, ಟೆಲಿವಿಷನ್ನಿನ ಶಬ್ದವನ್ನು ಹೆಚ್ಚಿಸುವುದು, ಮಾತನಾಡುವವರ ಮುಖವನ್ನೇ ದಿಟ್ಟಿಸುವುದು, ಪಕ್ಕದವರನ್ನು ನೋಡಿ ಬರೆದುಕೊಳ್ಳುವುದು, ಕಿವಿ ಸೋರುವುದು ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಮಾಡಿಸತಕ್ಕದ್ದು.

ನೆಗಡಿಯ ನಂತರ ಕರ್ಣಪಟಲದ ಹಿಂದೆ ದ್ರವ ಸಂಗ್ರಹವಾಗುವುದು ಮಕ್ಕಳಲ್ಲಿ ಸಾಮಾನ್ಯ. ಮೂಗಿನ ಹಿಂಭಾಗವನ್ನೂ ಮಧ್ಯಕರ್ಣವನ್ನೂ ಜೋಡಿಸುವ ನಾಳವು ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುವುದೇ ಇದಕ್ಕೆ ಮುಖ್ಯ ಕಾರಣ. ಇದರಿಂದ ಉಂಟಾಗುವ ದೋಷ ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ. “ಬೇಕಾದಾಗ ಮಾತ್ರ ಕೇಳಿಸುತ್ತದೆ” ಎಂಬ ಆಕ್ಷೇಪಕ್ಕೆ ಗುರಿಯಾದ ಎಷ್ಟೋ ಮಕ್ಕಳಲ್ಲಿ ನಿಜವಾಗಿ ಇರುವುದು ಈ ತೊಂದರೆ. ಇದು ಬಹುತೇಕ ತಾನಾಗಿಯೇ ಗುಣವಾಗುತ್ತದಾದರೂ ಮೂರು ತಿಂಗಳು ಮೀರಿ ಉಳಿದರೆ ತಜ್ಞರ ಸಲಹೆ ಅವಶ್ಯ.

ಪರೀಕ್ಷೆಯ ವಿಧಾನ

ಮಗು ಚಿಕ್ಕದು, ಉತ್ತರ ಹೇಳಲಾರದು ಎಂದು ಪರೀಕ್ಷೆಯನ್ನು ಮುಂದೂಡುವ ಅಗತ್ಯವಿಲ್ಲ. ನವಜಾತ ಶಿಶು ನಿದ್ರಿಸುತ್ತಿರುವಾಗಲೇ ಕಿವಿಯಲ್ಲಿ ಪುಟ್ಟ ಸಾಧನವನ್ನಿರಿಸಿ, ಶಬ್ದಕ್ಕೆ ಒಳಗಿವಿ ಹೊರಡಿಸುವ ಸೂಕ್ಷ್ಮ ಮರುದನಿಯನ್ನು ಅಳೆಯಬಹುದು. ಇದಕ್ಕೆ ಕೆಲವೇ ನಿಮಿಷಗಳು ಸಾಕು. ಇದರಲ್ಲಿ ಸಂದೇಹ ಕಂಡುಬಂದರೆ ತಲೆಗೆ ಪುಟ್ಟ ತಂತಿಗಳನ್ನಂಟಿಸಿ ಶ್ರವಣನರ ಹಾಗೂ ಮಿದುಳಿನ ಕಾಂಡದ ಪ್ರತಿಕ್ರಿಯೆಯನ್ನು ದಾಖಲಿಸುವ ‘ಬೆರಾ’ ಪರೀಕ್ಷೆ ನಡೆಸುತ್ತಾರೆ. ಎರಡರಲ್ಲಿಯೂ ನೋವಿಲ್ಲ. ಸುಮಾರು ಮೂರು ವರ್ಷದ ಮಗುವಿಗೆ, ಶಬ್ದ ಕೇಳಿಸಿದಾಗಲೆಲ್ಲ ಡಬ್ಬಿಗೆ ಮಣಿ ಹಾಕುವ ಆಟದ ರೂಪದಲ್ಲಿ ಪರೀಕ್ಷೆ ನಡೆಯುತ್ತದೆ. ಶಾಲಾವಯಸ್ಸಿನವರಿಗೆ ಎರಡೂ ಕಿವಿಗಳನ್ನು ಬೇರೆ ಬೇರೆಯಾಗಿ, ವಿವಿಧ ಆವರ್ತಗಳ ಧ್ವನಿಗಳಿಂದ ಪರೀಕ್ಷಿಸಲಾಗುತ್ತದೆ. ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡುವುದು ಇದಕ್ಕೆ ಬದಲಾಗಲಾರದು. ಒಂದೇ ಕಿವಿಯ ದೋಷವಾಗಲಿ, ಕೆಲವೇ ಆವರ್ತಗಳ ದೋಷವಾಗಲಿ ಚಪ್ಪಾಳೆಗೆ ಸಿಗುವುದಿಲ್ಲ.

ತಜ್ಞರು ಒಪ್ಪಿರುವ ಸೂತ್ರ ಸರಳವಾಗಿದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಹಾಗೂ ತರಬೇತಿಯ ಆರಂಭ. ಹುಟ್ಟಿದಾಗ ಸರಿಯಿದ್ದ ಶ್ರವಣಶಕ್ತಿ ಮುಂದೆ ಕುಂದಬಹುದಾದ್ದರಿಂದ ಶಾಲೆಗೆ ಸೇರಿಸುವ ಮುನ್ನ ಮತ್ತೊಮ್ಮೆ ಪರೀಕ್ಷಿಸುವುದು ಕ್ಷೇಮ.

ದೊರೆಯುವ ಸೌಲಭ್ಯಗಳು

2007ರಲ್ಲಿ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅನ್ವಯ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳನ್ನು ತಪಾಸಿಸಬೇಕೆಂದಿದೆ; ಶ್ರವಣದೋಷವೂ ಇದರಲ್ಲಿ ಸೇರಿದೆ. ಈ ತಂಡಗಳ ವ್ಯಾಪ್ತಿಗೆ ಬಾರದ ಖಾಸಗಿ ಶಾಲೆಯ ಮಕ್ಕಳ ಪಾಲಕರು ತಾವೇ ಮುಂದಾಗಬೇಕು. ಕೋಡಂಬಾಕ್ಕಂನಿಂದ ಉಪನಗರ ರೈಲಿನಲ್ಲಿ ಮೂರನೆಯ ನಿಲ್ದಾಣವಾದ ಎಗ್ಮೋರಿನಲ್ಲಿ ಸರ್ಕಾರದ ಮಕ್ಕಳ ಆಸ್ಪತ್ರೆಯಿದೆ. ಎಳೆಯ ಕಿವುಡ ಮಕ್ಕಳಿಗೆ ಮಾತು ಕಲಿಸಿ ಸಾಮಾನ್ಯ ಶಾಲೆಗೆ ಅಣಿಗೊಳಿಸುವ ಬಾಲ ವಿದ್ಯಾಲಯ 1969ರಿಂದ ಚೆನ್ನೈಯಲ್ಲಿದೆ. ಕನ್ನಡದಲ್ಲಿಯೇ ಪರೀಕ್ಷೆ ಮತ್ತು ವಾಕ್ ತರಬೇತಿ ಬಯಸುವವರಿಗೆ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆದಾಯ ಮಿತಿಗೊಳಪಟ್ಟ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಸಹಾಯಕ ಸಾಧನಗಳ ಯೋಜನೆಯಡಿ ಶ್ರವಣ ಸಾಧನಗಳು ದೊರೆಯುತ್ತವೆ. ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಧಿನಿಯಮವು ಖಾತರಿಪಡಿಸಿದೆ.

ತಡೆಗಟ್ಟುವ ಮಾರ್ಗ

ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಮಗು ಕಿವುಡಾಗಿ ಹುಟ್ಟಬಹುದು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಮೊದಲಾದೆಡೆ ಪ್ರಾರಂಭವಾಯಿತು. ಈ ಲಸಿಕೆಯನ್ನು ತಪ್ಪಿಸಬಾರದು. ಸೋದರಮಾವ, ಅತ್ತೆಯ ಮಕ್ಕಳಂಥ ಹತ್ತಿರದ ರಕ್ತಸಂಬಂಧದ ವಿವಾಹಗಳಿಂದ ವಂಶವಾಹಿ ಕಿವುಡುತನದ ಸಂಭವ ಹೆಚ್ಚುತ್ತದೆ. ಕಿವಿಗೆ ಬಿಸಿ ಎಣ್ಣೆ ಹಾಕುವುದು, ಹೇರ್‌ಪಿನ್, ಕಡ್ಡಿಗಳಿಂದ ಕೆದಕುವುದು ಹಾನಿಕರ. ಪಟಾಕಿಯ ಸಿಡಿತದಿಂದಲೂ, ಇಯರ್‌ಫೋನಿನ ಅತಿ ಶಬ್ದದಿಂದಲೂ ಆಗುವ ಹಾನಿ ಶಾಶ್ವತವಾಗಬಹುದು.

ದೋಷ ಖಚಿತವಾದ ಮೇಲೆ ಶಾಲೆಯ ಹೊಣೆಯೂ ಇದೆ. ಮಗುವನ್ನು ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳಿಸುವ ಕಿವಿ ಶಿಕ್ಷಕರತ್ತ ಇರುವಂತೆ ಕೂರಿಸಬೇಕು. ಮಗುವಿಗೆ ಮುಖ ಕಾಣುವಂತೆ ಪಾಠ ಹೇಳಬೇಕು. ಶ್ರವಣ ಸಾಧನವನ್ನು ಸಹಪಾಠಿಗಳು ಅಪಹಾಸ್ಯ ಮಾಡದಂತೆ ತಿಳಿಹೇಳಬೇಕು. ಮನೆಯವರು ತಮ್ಮ ಮನೆಮಾತನ್ನು ಬಿಡಬೇಕಾಗಿಲ್ಲ. ಬದಲಾಗಿ ಮಗುವಿನ ಮುಖ ನೋಡಿ ಮತ್ತಷ್ಟು ಹೆಚ್ಚಾಗಿ ಮಾತನಾಡಬೇಕು. ಮಾತು ಕಲಿಯುವ ಎಳೆಯ ವಯಸ್ಸು ಕಳೆದರೆ ಮರಳಿ ಬರುವುದಿಲ್ಲ. ಮಗುವನ್ನು ದಡ್ಡನೆನ್ನುವ ಮುನ್ನ, ಗದರಿಸುವ ಮುನ್ನ, ಅದಕ್ಕೆ ಕೇಳಿಸುತ್ತಿದೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯುವುದು ಪಾಲಕರ ಮತ್ತು ಶಿಕ್ಷಕರ ಮೊದಲ ಕರ್ತವ್ಯ.