ನಿರ್ಲಕ್ಷ್ಯದಿಂದಾದ ಮರಣ: ಕುಟುಂಬಕ್ಕಿರುವ ಕಾನೂನಿನ ಮಾರ್ಗಗಳು

ಮುಂಬಯಿ, ಪುಣೆ, ಚೆನ್ನೈಗಳಂಥ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಅಕಾಲ ಮರಣವೊಂದು ಸಂಭವಿಸಿದರೆ ಮೊದಲು ಏಳುವ ಮಾತು ‘ಊರಿಗೆ ಒಯ್ಯುವುದು ಯಾವಾಗ?’ ಎಂಬುದೇ. ಹುಟ್ಟೂರಿನಲ್ಲಿ ವೃದ್ಧೆಯಾದ ತಾಯಿ ಮಗನ ಮುಖವನ್ನು ಕಡೆಯ ಬಾರಿ ಕಾಣಲು ಕಾದಿರುತ್ತಾಳೆ. ವಾಹನವನ್ನು ಗೊತ್ತುಮಾಡುವುದು, ಹಣ ಹೊಂದಿಸುವುದು, ಬಂಧುಗಳಿಗೆ ಸುದ್ದಿ ಮುಟ್ಟಿಸುವುದು ಇವುಗಳಲ್ಲಿ ಒಂದು ಹಗಲು ಕಳೆಯುತ್ತದೆ. ಮರುದಿನ ಊರಿನಲ್ಲಿ ದಹನವಾಗುತ್ತದೆ. ಹದಿಮೂರನೆಯ ದಿನದ ಕರ್ಮಗಳೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ಕೇಳುತ್ತಾರೆ: ‘ಅಷ್ಟು ಸಣ್ಣ ಶಸ್ತ್ರಕ್ರಿಯೆಯಲ್ಲಿ ಜೀವ ಹೋದದ್ದಾದರೂ ಹೇಗೆ?’ ಅದಕ್ಕೆ ಉತ್ತರ ಹೇಳಬಹುದಾಗಿದ್ದ ಮುಖ್ಯ ಸಾಕ್ಷ್ಯವು ಆ ಹೊತ್ತಿಗೆ ಬೂದಿಯಾಗಿರುತ್ತದೆ.

ಹೋದ ಜೀವವನ್ನು ಯಾವ ನ್ಯಾಯಾಲಯವೂ ತಂದುಕೊಡಲಾರದು. ಆದರೆ ಇನ್ನೊಬ್ಬರ ನಿರ್ಲಕ್ಷ್ಯದಿಂದ ಮನೆಯ ಆಧಾರಸ್ತಂಭವನ್ನು ಕಳೆದುಕೊಂಡ ಕುಟುಂಬಕ್ಕೆ ಕಾನೂನು ಕೆಲವು ಹಕ್ಕುಗಳನ್ನು ಕೊಟ್ಟಿದೆ. ಆ ಹಕ್ಕುಗಳು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಮನೆಯವರು ತೋರುವ ಎಚ್ಚರವನ್ನು ಅವಲಂಬಿಸಿದೆ.

ನಿರ್ಲಕ್ಷ್ಯವೆಂದರೇನು?

ಕಾನೂನಿನ ದೃಷ್ಟಿಯಲ್ಲಿ ಮೂರು ಸಂಗತಿಗಳು ಕೂಡಿಬರಬೇಕು. ಒಬ್ಬನಿಗೆ ಮತ್ತೊಬ್ಬನ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಇರಬೇಕು. ಆ ಹೊಣೆಯನ್ನು ಅವನು ತಪ್ಪಿರಬೇಕು. ಆ ತಪ್ಪಿನಿಂದಲೇ ಸಾವು ಉಂಟಾಗಿರಬೇಕು. ಶಸ್ತ್ರಕ್ರಿಯೆಯ ಮೇಜಿನ ಮೇಲಾದ ಪ್ರತಿಯೊಂದು ಸಾವೂ ವೈದ್ಯರ ತಪ್ಪಲ್ಲ. ಸಾಧಾರಣ ಕುಶಲತೆಯುಳ್ಳ ವೈದ್ಯನೊಬ್ಬನು ವಹಿಸಬಹುದಾದ ಎಚ್ಚರವನ್ನೆಲ್ಲ ವಹಿಸಿಯೂ ರೋಗಿ ಉಳಿಯದಿದ್ದರೆ ಅದು ದುರ್ದೈವವೇ ಹೊರತು ನಿರ್ಲಕ್ಷ್ಯವಲ್ಲ. ಆದರೆ ಪೆನಿಸಿಲಿನ್ ಒಗ್ಗದೆಂದು ರೋಗಿಯ ಕಾಗದದಲ್ಲಿ ಬರೆದಿದ್ದರೂ ಅದನ್ನೇ ಚುಚ್ಚಿ ಸಾವು ಸಂಭವಿಸಿದರೆ ಅದನ್ನು ದುರ್ದೈವವೆಂದು ತಳ್ಳಿಹಾಕಲಾಗದು.

ಎರಡು ಪ್ರತ್ಯೇಕ ದಾರಿಗಳು

ಇಂಥ ಮರಣದ ಅನಂತರ ಕುಟುಂಬದ ಮುಂದೆ ಎರಡು ದಾರಿಗಳಿವೆ. ಒಂದು ತಪ್ಪಿತಸ್ಥನನ್ನು ಶಿಕ್ಷಿಸುವ ಕ್ರಿಮಿನಲ್ ಮೊಕದ್ದಮೆ. ಇನ್ನೊಂದು ಉಳಿದವರ ಜೀವನೋಪಾಯಕ್ಕಾಗಿ ಪರಿಹಾರಧನವನ್ನು ಕೇಳುವ ವ್ಯಾಜ್ಯ. ಇವೆರಡೂ ಒಂದೇ ಎಂದು ಭಾವಿಸಿ, ಪೊಲೀಸು ಕೇಸು ನಡೆಯುತ್ತಿದೆಯಲ್ಲ ಎಂದು ಸುಮ್ಮನೆ ಕುಳಿತು ಪರಿಹಾರದ ಅವಧಿಯನ್ನು ಕಳೆದುಕೊಂಡವರು ಬಹಳ.

ನಿರ್ಲಕ್ಷ್ಯದಿಂದ ಸಾವನ್ನು ಉಂಟುಮಾಡುವ ಅಪರಾಧವು ಹಿಂದೆ ಭಾರತೀಯ ದಂಡಸಂಹಿತೆಯ 304-ಎ ವಿಧಿಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಅದು 106ನೆಯ ವಿಧಿಯಾಗಿದೆ. ಶಿಕ್ಷೆ 5 ವರ್ಷಗಳ ವರೆಗೆ ಸೆರೆವಾಸ ಮತ್ತು ದಂಡ. ನೋಂದಾಯಿತ ವೈದ್ಯನು ಚಿಕಿತ್ಸೆ ನೀಡುವಾಗ ಆದುದಾದರೆ 2 ವರ್ಷಗಳ ವರೆಗೆ ಸೆರೆವಾಸ ಮತ್ತು ದಂಡ. ವೈದ್ಯರ ಮೇಲೆ ಕ್ರಿಮಿನಲ್ ಆರೋಪ ನಿಲ್ಲಬೇಕಾದರೆ ನಿರ್ಲಕ್ಷ್ಯವು ಘೋರ ಸ್ವರೂಪದ್ದಾಗಿರಬೇಕೆಂದೂ, ಖಾಸಗಿ ಫಿರ್ಯಾದಿಗೆ ಬೇರೊಬ್ಬ ಸಮರ್ಥ ವೈದ್ಯರ ಅಭಿಪ್ರಾಯದ ಬೆಂಬಲವಿರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ತೀರ್ಮಾನಿಸಿತು. ಇಲ್ಲಿ ಅಪರಾಧವು ಸಂಶಯಾತೀತವಾಗಿ ಸಿದ್ಧವಾಗಬೇಕು. ಪರಿಹಾರದ ವ್ಯಾಜ್ಯದಲ್ಲಾದರೋ ಯಾವ ಪಕ್ಷದ ಮಾತು ಹೆಚ್ಚು ಸಂಭವನೀಯವೆಂದು ಕಂಡುಬಂದರೆ ಸಾಕು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅನುರಾಧಾ ಸಾಹಾ ಪ್ರಕರಣವು ತೋರಿಸುತ್ತದೆ. 1998ರಲ್ಲಿ ಅಮೆರಿಕದಿಂದ ಕಲ್ಕತ್ತೆಗೆ ಬಂದಿದ್ದ ಅವರಿಗೆ ತೀವ್ರವಾದ ಚರ್ಮವ್ಯಾಧಿ ತಗಲಿತು. ಸ್ಟಿರಾಯ್ಡ್ ಔಷಧವನ್ನು ಮಿತಿಮೀರಿ ಕೊಡಲಾಯಿತೆಂಬುದು ಆಪಾದನೆ. ಚಿಕಿತ್ಸೆಗೆಂದು ಮುಂಬಯಿಗೆ ಕರೆತಂದ ಮೇಲೆ ಅದೇ ವರ್ಷ ಮೇ 28ರಂದು ಅವರು ತೀರಿಕೊಂಡರು. ಕುಟುಂಬದ ಕಡೆಯಿಂದ ಕ್ರಿಮಿನಲ್ ಮೊಕದ್ದಮೆಯೂ ಗ್ರಾಹಕ ದೂರೂ ದಾಖಲಾದವು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಮಿನಲ್ ಅಪರಾಧ ಸಿದ್ಧವಾಗಿಲ್ಲವೆಂದಿತು. ಆದರೆ ಅದೇ ತೀರ್ಪಿನಲ್ಲಿ, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆಯೆಂದು ಹೇಳಿ ಪರಿಹಾರವನ್ನು ನಿರ್ಧರಿಸಲು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಒಪ್ಪಿಸಿತು. 2013ರಲ್ಲಿ ಪರಿಹಾರವು ಸುಮಾರು 6 ಕೋಟಿ ರೂಪಾಯಿಗಳೆಂದು ನಿಶ್ಚಿತವಾಯಿತು, ಬಡ್ಡಿ ಬೇರೆ. ಒಂದು ಬಾಗಿಲು ಮುಚ್ಚಿದಾಗಲೂ ಇನ್ನೊಂದು ತೆರೆದೇ ಇತ್ತು. ಇದಕ್ಕೆ ಹದಿನೈದು ವರ್ಷಗಳು ಹಿಡಿದವೆಂಬುದನ್ನೂ, ಪತಿ ಸ್ವತಃ ವೈದ್ಯರಾಗಿದ್ದರೆಂಬುದನ್ನೂ ಮರೆಯಬಾರದು.

ಆಸ್ಪತ್ರೆಯಲ್ಲಿ ಮರಣ

ಹಣ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿ. ಪಿ. ಶಾಂತಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಧರ್ಮಾರ್ಥ ಚಿಕಿತ್ಸೆ ನೀಡುವ ಆಸ್ಪತ್ರೆಯಾದರೆ ಉಚಿತ ರೋಗಿಯ ಮನೆಯವರಿಗೂ ಈ ಹಕ್ಕುಂಟು. ಎಲ್ಲರಿಗೂ ಸಂಪೂರ್ಣ ಉಚಿತವಾಗಿರುವ ಆಸ್ಪತ್ರೆ ಮಾತ್ರ ಇದರ ಹೊರಗೆ. ಅಲ್ಲಿ ಸಿವಿಲ್ ದಾವೆಯನ್ನು ಹೂಡಬೇಕಾಗುತ್ತದೆ.

ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಊರಿನಿಂದ ದೂರ ಇರುವವರಿಗೆ ಒಂದು ದೊಡ್ಡ ಅನುಕೂಲವನ್ನು ಮಾಡಿಕೊಟ್ಟಿದೆ: ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಮುಂಬಯಿಯ ಆಸ್ಪತ್ರೆಯಲ್ಲಿ ಪತಿಯನ್ನು ಕಳೆದುಕೊಂಡು ಕುಂದಾಪುರಕ್ಕೆ ಮರಳಿದ ಹೆಣ್ಣುಮಗಳು ಉಡುಪಿಯ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಪ್ರತಿ ವಾಯಿದೆಗೂ ಮುಂಬಯಿಗೆ ಪ್ರಯಾಣ ಮಾಡಬೇಕಾಗಿಲ್ಲ.

ರಸ್ತೆಯಲ್ಲಿ ಮರಣ

ವಾಹನದಿಂದಾದ ಸಾವಿಗೆ ಮೋಟಾರು ಅಪಘಾತ ನ್ಯಾಯಾಧಿಕರಣದ ಮುಂದೆ ಅರ್ಜಿ ಸಲ್ಲಿಸಬೇಕು. ಅಪಘಾತವಾದ ಸ್ಥಳದಲ್ಲಾಗಲಿ, ಅರ್ಜಿದಾರರ ವಾಸಸ್ಥಳದಲ್ಲಾಗಲಿ ಇದನ್ನು ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಇದಕ್ಕೆ ಆರು ತಿಂಗಳ ಗಡುವನ್ನು ವಿಧಿಸಿದೆ. ಆದುದರಿಂದ ‘ವರ್ಷಾಂತಿಕ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವುದು ಅಪಾಯಕರ.

ಪರಿಹಾರದ ಲೆಕ್ಕವು ನ್ಯಾಯಾಧೀಶರ ಮರ್ಜಿಗೆ ಬಿಟ್ಟದ್ದಲ್ಲ. 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಠಿ ತೀರ್ಪುಗಳು ಅದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿವೆ. ಉದಾಹರಣೆಗೆ, ಹೋಟೆಲೊಂದರಲ್ಲಿ ತಿಂಗಳಿಗೆ 20,000 ರೂಪಾಯಿಯ ನಿಗದಿತ ಸಂಬಳಕ್ಕೆ ದುಡಿಯುತ್ತಿದ್ದ 38 ವರ್ಷದ ವ್ಯಕ್ತಿಯನ್ನು ಭಾವಿಸೋಣ. ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ಆತನ ಅವಲಂಬಿತರು. ವಾರ್ಷಿಕ ಆದಾಯ 2,40,000. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇಕಡಾ 40 ಸೇರಿಸಿದರೆ 3,36,000. ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 2,52,000. ಆತನ ವಯಸ್ಸಿಗೆ ಗೊತ್ತಾದ ಗುಣಕ 15. ಗುಣಿಸಿದರೆ 37,80,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಹವಾಸನಷ್ಟ ಮುಂತಾದವುಗಳಿಗೆ ನಿಗದಿಯಾದ ಮೊತ್ತಗಳು ಇದಕ್ಕೆ ಸೇರುತ್ತವೆ. ವಿಮಾ ಕಂಪೆನಿಯ ಪ್ರತಿನಿಧಿ ಮನೆಗೆ ಬಂದು ನಾಲ್ಕೈದು ಲಕ್ಷಕ್ಕೆ ರಾಜಿಯಾಗಿರೆಂದಾಗ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಸಂಬಳವಿಲ್ಲದ ಗೃಹಿಣಿ ಮಡಿದಾಗಲೂ ಆಕೆಯ ಮನೆಗೆಲಸಕ್ಕೆ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದೆ ಹೋದರೂ ಕೈಚೆಲ್ಲಬೇಕಾಗಿಲ್ಲ. ಅಂಥ ಸಾವಿಗೆ ಸರ್ಕಾರದ ಯೋಜನೆಯಲ್ಲಿ 2 ಲಕ್ಷ ರೂಪಾಯಿ ದೊರೆಯುತ್ತದೆ.

ರೈಲಿನಲ್ಲಿ ಮರಣ

ಮುಂಬಯಿಯ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬಾಗಿಲಿಗೆ ಜೋತುಬಿದ್ದು ಪ್ರಯಾಣ ಮಾಡುವವರಿಗೆ ಈ ವಿಷಯ ಮುಖ್ಯ. ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಮರಣ ಹೊಂದಿದ ಪ್ರಯಾಣಿಕನ ಅವಲಂಬಿತರು 1989ರ ರೈಲ್ವೆ ಕಾಯಿದೆಯ 124-ಎ ವಿಧಿಯನ್ವಯ ಪರಿಹಾರಕ್ಕೆ ಅರ್ಹರು. ಇಲ್ಲಿ ರೈಲ್ವೆಯ ತಪ್ಪನ್ನು ಸಿದ್ಧಪಡಿಸುವ ಅಗತ್ಯವೇ ಇಲ್ಲ. 2017ರ ಜನವರಿ 1ರಿಂದ ಈ ಮೊತ್ತವು 8 ಲಕ್ಷ ರೂಪಾಯಿ. ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬೇಕು. ಮೃತನ ಜೇಬಿನಲ್ಲಿ ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣದಿಂದ ಅರ್ಜಿ ಬಿದ್ದುಹೋಗದೆಂದು 2018ರ ರೀನಾ ದೇವಿ ತೀರ್ಪು ಹೇಳುತ್ತದೆ. ಆತನು ಪ್ರಯಾಣಿಕನೆಂದು ಮನೆಯವರು ಪ್ರಮಾಣಪತ್ರದ ಮೂಲಕ ತಿಳಿಸಬಹುದು. ಆದರೆ ಹಳಿ ದಾಟುವಾಗ ಸತ್ತವನು ಪ್ರಯಾಣಿಕನೆನಿಸುವುದಿಲ್ಲ. ಆತ್ಮಹತ್ಯೆಗೂ, ಮದ್ಯದ ಅಮಲಿನಲ್ಲಿ ಮಾಡಿದ ಕೃತ್ಯದಿಂದಾದ ಸಾವಿಗೂ ಪರಿಹಾರವಿಲ್ಲ.

ಉಳಿದ ಸಂದರ್ಭಗಳು

ಗೋಡೆ ಕುಸಿದು, ತೆರೆದ ಗಟಾರದಲ್ಲಿ ಬಿದ್ದು, ಕಡಿದುಬಿದ್ದ ವಿದ್ಯುತ್ ತಂತಿ ತಗಲಿ ಆಗುವ ಸಾವುಗಳಿಗೆ 1855ರ ಮಾರಕ ಅಪಘಾತಗಳ ಕಾಯಿದೆಯು ಇಂದಿಗೂ ಆಸರೆ. ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳು ಇವರ ಪರವಾಗಿ ಎರಡು ವರ್ಷಗಳೊಳಗೆ ಸಿವಿಲ್ ದಾವೆಯನ್ನು ಹೂಡಬೇಕು. ವಿದ್ಯುತ್ತಿನಂಥ ಅಪಾಯಕರ ವಸ್ತುವನ್ನು ಸರಬರಾಯಿ ಮಾಡುವ ಸಂಸ್ಥೆಯು, ತನ್ನ ತಪ್ಪಿಲ್ಲವೆಂದು ಹೇಳಿ ಹೊಣೆಯಿಂದ ತಪ್ಪಿಸಿಕೊಳ್ಳಲಾಗದೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಕೆಲಸದ ಸ್ಥಳದಲ್ಲಾದ ಸಾವಿಗೆ ಮಾಲಿಕನಿಂದ ಪರಿಹಾರ ಪಡೆಯಲು ಪ್ರತ್ಯೇಕ ಕಾನೂನಿದೆ.

ಮೊದಲ ದಿನಗಳ ಕರ್ತವ್ಯ

ಸಾವಿನ ಕಾರಣದ ವಿಷಯದಲ್ಲಿ ಸಂಶಯವಿದ್ದರೆ ಶವವನ್ನು ಪಡೆಯುವ ಮೊದಲೇ ಪೊಲೀಸರಿಗೆ ಲಿಖಿತ ದೂರನ್ನು ಕೊಟ್ಟು ಶವಪರೀಕ್ಷೆಯನ್ನು ಕೇಳಬೇಕು. ವಿಮಾನದಲ್ಲಿ ಸಾಗಿಸುವ ಸಲುವಾಗಿ ಶವಕ್ಕೆ ರಾಸಾಯನಿಕಗಳನ್ನು ತುಂಬುವುದುಂಟು. ಶವಪರೀಕ್ಷೆಯು ಅದಕ್ಕೂ ಮೊದಲೇ ಆಗಬೇಕು. ಆ ರಾಸಾಯನಿಕಗಳು ದೇಹದೊಳಗಿನ ಔಷಧ ಅಥವಾ ವಿಷದ ಕುರುಹನ್ನು ಕೆಡಿಸಬಲ್ಲವು. ಇದರಿಂದ ಪ್ರಯಾಣ ಒಂದು ದಿನ ತಡವಾದೀತು. ಊರಿನ ಹಿರಿಯರಿಗೆ ಕಾರಣವನ್ನು ತಿಳಿಸಿ ಹೇಳಿದರೆ ಅವರು ಅರಿಯದೆ ಇರಲಾರರು. ಶವಪರೀಕ್ಷೆ ಆಗದೆ ಹೋದರೂ ವ್ಯಾಜ್ಯ ಸಾಧ್ಯ, ಆದರೆ ದುರ್ಬಲ.

ಎಫ್.ಐ.ಆರ್.ನ ಪ್ರತಿಯನ್ನು ಫಿರ್ಯಾದುದಾರರಿಗೆ ಉಚಿತವಾಗಿ ಕೊಡತಕ್ಕದ್ದು. ಅದು ತಮ್ಮ ಸರಹದ್ದಲ್ಲವೆಂದು ಠಾಣೆಯವರು ದೂರನ್ನು ತಿರಸ್ಕರಿಸುವಂತಿಲ್ಲ. ಚಿಕಿತ್ಸೆಯ ದಾಖಲೆಗಳನ್ನು ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನಿಯಮಗಳೇ ಹೇಳುತ್ತವೆ. ಕೇಳಿದ ಅರ್ಜಿಯ ಪ್ರತಿಗೆ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಬಿಲ್ಲುಗಳು, ಔಷಧದ ಚೀಟಿಗಳು, ಎಕ್ಸ್‌ರೇ ಯಾವುದನ್ನೂ ಎಸೆಯಬಾರದು.

ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ದಹನವು ಊರಿನಲ್ಲಾದರೂ ಮರಣಪತ್ರವನ್ನು ನಗರದಲ್ಲಿಯೇ ಪಡೆಯಬೇಕು. ವಂಶವೃಕ್ಷದ ದೃಢಪತ್ರವನ್ನು ಊರಿನ ಕಂದಾಯ ಕಚೇರಿಯಿಂದ ತರಿಸಬೇಕು. ಕೈಗೆ ಸಂಬಳ ಪಡೆಯುತ್ತಿದ್ದವರ ವಿಷಯದಲ್ಲಿ ಮಾಲಿಕರ ಪತ್ರ, ಬ್ಯಾಂಕಿನ ಪಾಸ್‌ಬುಕ್, ಮನೆಗೆ ಹಣ ಕಳುಹಿಸಿದ ರಸೀದಿಗಳೇ ಆದಾಯಕ್ಕೆ ಸಾಕ್ಷಿ.

ವಕೀಲರು ಮತ್ತು ಖರ್ಚು

ಬರುವ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿನಿಯಮಕ್ಕೆ ವಿರುದ್ಧ. ಆಸ್ಪತ್ರೆಯ ಅಂಗಳದಲ್ಲಿಯೇ ಬಂದು ಖಾಲಿ ಕಾಗದಕ್ಕೆ ಸಹಿ ಕೇಳುವ ಮಧ್ಯವರ್ತಿಗಳನ್ನು ದೂರವಿಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಈ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟರಾಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದಿದ್ದರೆ ಅದರ ತೀರ್ಮಾನಕ್ಕೆ ಮೇಲ್ಮನವಿಯಿಲ್ಲವೆಂಬುದನ್ನು ತಿಳಿದು ಸಹಿ ಹಾಕಬೇಕು.

ದುಃಖದಲ್ಲಿರುವ ಮನೆಯವರಿಗೆ ಇವೆಲ್ಲವನ್ನು ನೆನಪಿಡುವ ಶಕ್ತಿ ಇರುವುದಿಲ್ಲ. ಸಾವಿನ ಮನೆಗೆ ಮೊದಲು ಧಾವಿಸುವ ನೆರೆಯವರು, ಸಹೋದ್ಯೋಗಿಗಳು, ಸಂಘದ ಕಾರ್ಯಕರ್ತರು ಈ ಹೊಣೆಯನ್ನು ಹೊರಬಹುದು. ಒಬ್ಬರು ವಾಹನದ ವ್ಯವಸ್ಥೆಗೆ ಹೋದರೆ ಇನ್ನೊಬ್ಬರು ಠಾಣೆಗೂ ಆಸ್ಪತ್ರೆಯ ದಾಖಲೆಗಳ ಕಚೇರಿಗೂ ಹೋಗಲಿ. ಆ ದಿನ ಕೂಡಿಸಿಟ್ಟ ನಾಲ್ಕು ಕಾಗದಗಳು ಮುಂದೆ ಮಕ್ಕಳ ಶಾಲೆಯ ಶುಲ್ಕವಾಗಿ, ವೃದ್ಧೆಯ ಔಷಧವಾಗಿ ಆ ಮನೆಗೆ ಒದಗಬಲ್ಲವು.