ಕೊಪ್ಪರಿಗೆ ಮತ್ತು ಹಗೇವು: ಉದ್ಯಮಗಳಿಗೆ ಕ್ಲೌಡ್ ಕಂಪ್ಯೂಟಿಂಗಿನ ಮೌಲ್ಯ

ಜಾನಪದ ಅಧ್ಯಯನವು ಹಾಡು, ಕಥೆ, ಕುಣಿತಗಳಿಗಷ್ಟೇ ಸೀಮಿತವಾದುದಲ್ಲ. ಜನಸಮುದಾಯವೊಂದು ತನ್ನ ಸಾಧನ ಸಂಪತ್ತನ್ನು ಹೇಗೆ ಕೂಡಿಡುತ್ತದೆ, ಹೇಗೆ ಹಂಚಿಕೊಳ್ಳುತ್ತದೆ, ಕೊಟ್ಟು ಪಡೆಯುವಾಗ ಯಾವ ಕಟ್ಟುಪಾಡುಗಳನ್ನು ಪಾಲಿಸುತ್ತದೆ ಎಂಬುದೂ ಅದರ ವ್ಯಾಪ್ತಿಗೆ ಸೇರಿದೆ. ಕ್ಲೌಡ್ ಕಂಪ್ಯೂಟಿಂಗ್ ಎಂದು ಕರೆಯಲಾಗುವ ವ್ಯವಸ್ಥೆಯು ಮೂಲತಃ ಇಂತಹದೇ ಒಂದು ಕೊಡುಕೊಳೆಯ ಏರ್ಪಾಡು. ಉದ್ಯಮಗಳು ಇದನ್ನು ಅಳವಡಿಸಿಕೊಳ್ಳುವುದರಿಂದ ಆಗುವ ಲಾಭವೇನು, ಆ ಲಾಭದ ಎಲ್ಲೆ ಯಾವುದು ಎಂಬುದನ್ನು ನಮ್ಮ ಗ್ರಾಮೀಣ ಬದುಕಿಗೆ ಪರಿಚಿತವಾದ ಎರಡು ವಸ್ತುಗಳ ನೆರವಿನಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ವಸ್ತುಗಳೆಂದರೆ ಮದುವೆಯ ಕೊಪ್ಪರಿಗೆ ಮತ್ತು ಧಾನ್ಯದ ಹಗೇವು.

1. ಪರಿಕಲ್ಪನೆಯ ಸ್ವರೂಪ

ಕಂಪ್ಯೂಟರುಗಳನ್ನು ಸ್ವಂತಕ್ಕೆ ಕೊಂಡು ತನ್ನ ಕಟ್ಟಡದಲ್ಲಿ ಇರಿಸಿಕೊಳ್ಳುವ ಬದಲು, ಬೇರೊಬ್ಬರ ಬೃಹತ್ ದತ್ತಾಂಶ ಕೇಂದ್ರದಲ್ಲಿರುವ ಗಣಕಶಕ್ತಿಯನ್ನೂ ಸಂಗ್ರಹ ಸ್ಥಳವನ್ನೂ ಅಂತರಜಾಲದ ಮೂಲಕ ಬಳಸಿ, ಬಳಸಿದಷ್ಟಕ್ಕೆ ಹಣ ತೆರುವುದೇ ಕ್ಲೌಡ್ ಕಂಪ್ಯೂಟಿಂಗ್. ಅಮೆಜಾನ್ ಸಂಸ್ಥೆಯು 2006ರ ಮಾರ್ಚ್‌ನಲ್ಲಿ ಸಂಗ್ರಹ ಸೇವೆಯನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಗಣಕಶಕ್ತಿಯ ಬಾಡಿಗೆ ಸೇವೆಯನ್ನೂ ಆರಂಭಿಸಿದ ಬಳಿಕ ಈ ಪದ್ಧತಿ ಉದ್ಯಮ ಜಗತ್ತಿನಲ್ಲಿ ವ್ಯಾಪಕವಾಗಿ ನೆಲೆಗೊಂಡಿತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2011ರಲ್ಲಿ ಇದಕ್ಕೆ ಐದು ಲಕ್ಷಣಗಳನ್ನು ಗುರುತಿಸಿತು: ಬೇಕೆಂದಾಗ ತಾನೇ ಪಡೆಯುವ ಅನುಕೂಲ, ಜಾಲದ ಮೂಲಕ ಎಲ್ಲೆಡೆಯಿಂದ ಲಭ್ಯತೆ, ಸಂಪನ್ಮೂಲಗಳ ಒಟ್ಟುಗೂಡಿಕೆ, ಬೇಡಿಕೆಗೆ ತಕ್ಕಂತೆ ಹಿಗ್ಗುವ ಕುಗ್ಗುವ ಗುಣ ಮತ್ತು ಅಳೆದು ಕೊಡುವ ಸೇವೆ. ‘ಮೋಡ’ ಎಂಬ ಹೆಸರು ಆಕಾಶವನ್ನು ಸೂಚಿಸಿದರೂ ವ್ಯವಸ್ಥೆ ಇರುವುದು ನೆಲದ ಮೇಲೆ. ಅದಕ್ಕೆ ಕಟ್ಟಡ, ವಿದ್ಯುತ್ತು, ನೀರು, ಒಡೆಯ ಎಲ್ಲವೂ ಉಂಟು.

2. ಕೊಪ್ಪರಿಗೆಯ ಲೆಕ್ಕ

ನೂರಾರು ಜನರಿಗೆ ಅನ್ನ ಬೇಯಿಸುವ ಕೊಪ್ಪರಿಗೆಯನ್ನು ಯಾವ ಸಂಸಾರವೂ ದಿನಬಳಕೆಗೆಂದು ಕೊಳ್ಳುವುದಿಲ್ಲ. ಮದುವೆ, ಜಾತ್ರೆಗಳಲ್ಲಿ ಮಾತ್ರ ಅದರ ಅಗತ್ಯ. ಆದುದರಿಂದ ಅನೇಕ ಊರುಗಳಲ್ಲಿ ದೊಡ್ಡ ಪಾತ್ರೆಗಳು ದೇವಸ್ಥಾನದ ಅಥವಾ ಸಮುದಾಯದ ಸ್ವತ್ತಾಗಿರುತ್ತವೆ. ಬೇಕಾದವರು ಒಯ್ದು, ಬೆಳಗಿ ಹಿಂದಿರುಗಿಸುತ್ತಾರೆ. ಎಲ್ಲರ ಮನೆಯ ಮದುವೆಯೂ ಒಂದೇ ದಿನ ಬರುವುದಿಲ್ಲವೆಂಬುದೇ ಈ ಏರ್ಪಾಡಿನ ಆಧಾರ. ಕ್ಲೌಡ್‌ನ ಆರ್ಥಿಕ ತರ್ಕವೂ ಇದೇ. ಹಲವು ಗ್ರಾಹಕರ ಬೇಡಿಕೆ ಹಲವು ಕಾಲಗಳಲ್ಲಿ ಏರುವುದರಿಂದ ಒಂದೇ ಯಂತ್ರ ಸಮೂಹ ಅನೇಕರಿಗೆ ಸಾಲುತ್ತದೆ.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಮಾರಾಟ ಸಂಸ್ಥೆಯೊಂದಕ್ಕೆ ವರ್ಷದ 355 ದಿನ 10 ಯಂತ್ರಗಳು ಸಾಕು. ಹಬ್ಬದ 10 ದಿನಗಳಲ್ಲಿ ಮಾತ್ರ 100 ಯಂತ್ರಗಳು ಬೇಕು ಎಂದುಕೊಳ್ಳೋಣ. ಸ್ವಂತಕ್ಕೆ ಇಟ್ಟುಕೊಳ್ಳುವುದಾದರೆ 100 ಯಂತ್ರಗಳನ್ನೂ ವರ್ಷವಿಡೀ ಸಾಕಬೇಕು. ಅಂದರೆ 36,500 ಯಂತ್ರದಿನಗಳ ವೆಚ್ಚ. ನಿಜವಾದ ಬಳಕೆ ಕೇವಲ 4,550 ಯಂತ್ರದಿನ. ಬಾಡಿಗೆಯ ದಿನದರ ಸ್ವಂತ ಯಂತ್ರದ ದಿನವೆಚ್ಚಕ್ಕಿಂತ ನಾಲ್ಕು ಪಟ್ಟು ಹೆಚ್ಚೆಂದು ಹಿಡಿದರೂ ಒಟ್ಟು ವೆಚ್ಚ 18,200 ಮಾನಗಳಾಗುತ್ತದೆ. ಇದು ಸ್ವಂತ ವ್ಯವಸ್ಥೆಯ ಅರ್ಧಕ್ಕಿಂತ ತುಸು ಕಡಿಮೆ. ನಿತ್ಯದ 10 ಯಂತ್ರಗಳನ್ನು ಸ್ವಂತಕ್ಕೆ ಇಟ್ಟುಕೊಂಡು ಹಬ್ಬದ 90 ಯಂತ್ರಗಳನ್ನು ಮಾತ್ರ ಬಾಡಿಗೆಗೆ ಪಡೆದರೆ ವೆಚ್ಚ 7,250ಕ್ಕೆ ಇಳಿಯುತ್ತದೆ. ಅದೇ ಸಂಸ್ಥೆಗೆ ವರ್ಷವಿಡೀ 100 ಯಂತ್ರಗಳು ಬೇಕಾದರೆ ಬಾಡಿಗೆಯೇ 1,46,000 ಮಾನಗಳಾಗಿ, ಸ್ವಂತ ವ್ಯವಸ್ಥೆಯ ನಾಲ್ಕು ಪಟ್ಟಾಗುತ್ತದೆ. ‘ಕ್ಲೌಡ್ ಅಗ್ಗವೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದು ಇದರಿಂದಲೇ. ಬೇಡಿಕೆಯ ಏರಿಳಿತ ಎಷ್ಟು ಎಂಬುದೇ ನಿರ್ಣಾಯಕ. ದಿನದ ಅಡುಗೆಯನ್ನು ಬಾಡಿಗೆ ಕೊಪ್ಪರಿಗೆಯಲ್ಲಿ ಮಾಡುವುದು ಜಾಣತನವಲ್ಲ. ಮದುವೆಗೆಂದು ಕೊಪ್ಪರಿಗೆ ಕೊಳ್ಳುವುದೂ ಜಾಣತನವಲ್ಲ.

ಎರಡನೆಯ ಲಾಭವೆಂದರೆ ಆರಂಭದ ಬಂಡವಾಳದ ಉಳಿತಾಯ. ಯಂತ್ರಗಳಿಗೆ ತೊಡಗಿಸಬೇಕಾದ ಇಡುಗಂಟು ತಿಂಗಳ ಚಾಲ್ತಿ ವೆಚ್ಚವಾಗಿ ಮಾರ್ಪಡುವುದರಿಂದ ಸಣ್ಣ ಸಂಸ್ಥೆಯೂ ದೊಡ್ಡದರ ಸಮಕ್ಕೆ ಪ್ರಯೋಗ ನಡೆಸಬಹುದು. ಪ್ರಯೋಗ ವಿಫಲವಾದರೆ ಯಂತ್ರಗಳನ್ನು ಹಿಂದಿರುಗಿಸಿ ಸುಮ್ಮನಾಗಬಹುದು. ಮೂರನೆಯದು ಕಾಲದ ಉಳಿತಾಯ. ಯಂತ್ರ ತರಿಸಿ ಜೋಡಿಸಲು ತಗಲುತ್ತಿದ್ದ ವಾರಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

3. ಎರಡು ನಿದರ್ಶನಗಳು

ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯ ದತ್ತಾಂಶ ಕೋಶವು 2008ರ ಆಗಸ್ಟ್‌ನಲ್ಲಿ ಕೆಟ್ಟು, ಮೂರು ದಿನಗಳ ಕಾಲ ಗ್ರಾಹಕರಿಗೆ ಡಿವಿಡಿಗಳನ್ನು ಕಳುಹಿಸಲಾಗಲಿಲ್ಲ. ಆಗ ಆರಂಭವಾದ ಅದರ ಕ್ಲೌಡ್ ವಲಸೆ 2016ರ ಜನವರಿಯಲ್ಲಿ ಪೂರ್ಣಗೊಂಡಿತು. ಏಳು ವರ್ಷಗಳ ಈ ಅವಧಿಯೇ ಗಮನಾರ್ಹ. ಹಳೆಯ ವ್ಯವಸ್ಥೆಯನ್ನು ಹಾಗೆಯೇ ಎತ್ತಿಡದೆ, ಅದನ್ನು ಸಣ್ಣ ಸಣ್ಣ ಸೇವೆಗಳಾಗಿ ಒಡೆದು ಹೊಸದಾಗಿ ಕಟ್ಟಿದುದೇ ಈ ವಿಳಂಬಕ್ಕೆ ಕಾರಣ. ವೆಚ್ಚದ ಇಳಿಕೆಯು ತನ್ನ ಮುಖ್ಯ ಉದ್ದೇಶವಾಗಿರಲಿಲ್ಲವೆಂದು ಆ ಸಂಸ್ಥೆಯೇ ತಿಳಿಸಿತು. ಅದೇ ತಿಂಗಳು ಅದು 130ಕ್ಕೂ ಹೆಚ್ಚು ಹೊಸ ದೇಶಗಳಿಗೆ ಸೇವೆಯನ್ನು ಒಮ್ಮೆಗೇ ವಿಸ್ತರಿಸಿತು. ಆದರೂ ಚಲನಚಿತ್ರಗಳನ್ನು ವೀಕ್ಷಕರಿಗೆ ತಲುಪಿಸುವ ನಿತ್ಯದ ಭಾರೀ ಹೊರೆಗೆ ಸ್ವಂತದ ವಿತರಣಾ ಜಾಲವನ್ನೇ ಅದು ಇರಿಸಿಕೊಂಡಿದೆ.

ಡ್ರಾಪ್‌ಬಾಕ್ಸ್ ಸಂಸ್ಥೆಯದು ವಿರುದ್ಧ ದಿಕ್ಕಿನ ನಡೆ. ಅಮೆಜಾನ್‌ನ ಬಾಡಿಗೆ ಸಂಗ್ರಹದಲ್ಲಿ ಬೆಳೆದ ಅದು, ಬೇಡಿಕೆ ದೊಡ್ಡದಾಗಿಯೂ ಸ್ಥಿರವಾಗಿಯೂ ಆದ ಮೇಲೆ ಗ್ರಾಹಕರ ಬಹುಪಾಲು ಕಡತಗಳನ್ನು ಸ್ವಂತ ಯಂತ್ರಗಳಿಗೆ ಸಾಗಿಸಿತು. 2016 ಮತ್ತು 2017ರಲ್ಲಿ ಇದರಿಂದಾದ ಉಳಿತಾಯ ಸುಮಾರು 7.5 ಕೋಟಿ ಡಾಲರುಗಳೆಂದು ಅದು ಷೇರು ಮಾರುಕಟ್ಟೆ ಪ್ರವೇಶದ ದಾಖಲೆಯಲ್ಲಿ ನಮೂದಿಸಿತು. ಎರಡು ನಿದರ್ಶನಗಳೂ ಮೇಲಿನ ಲೆಕ್ಕವನ್ನೇ ಸಮರ್ಥಿಸುತ್ತವೆ.

4. ಹಗೇವಿನ ಪ್ರಶ್ನೆ

ಕೊಪ್ಪರಿಗೆಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಪಾತ್ರೆಯನ್ನು ಎರವು ತಂದವನು ಅದರಲ್ಲಿ ಬೇಯಿಸಿದ ಅನ್ನವನ್ನು ಬಡಿಸಿ ಪಾತ್ರೆಯನ್ನಷ್ಟೇ ಮರಳಿಸುತ್ತಾನೆ. ಆದರೆ ಕ್ಲೌಡ್‌ನಲ್ಲಿ ಉದ್ಯಮದ ದತ್ತಾಂಶವೂ ಅಲ್ಲಿಯೇ ಉಳಿಯುತ್ತದೆ. ಇದು ಹಗೇವಿಗೆ ಹತ್ತಿರವಾದ ಸಂಬಂಧ. ಬಯಲುಸೀಮೆಯಲ್ಲಿ ನೆಲವನ್ನು ತೋಡಿ, ಧಾನ್ಯ ತುಂಬಿ, ಬಾಯಿ ಮುಚ್ಚುತ್ತಿದ್ದ ಹಗೇವು ಬರಗಾಲದ ಭರವಸೆಯಾಗಿತ್ತು. ತನ್ನ ಧಾನ್ಯವನ್ನು ಅನ್ಯರ ಹಿತ್ತಿಲ ಹಗೇವಿನಲ್ಲಿ ತುಂಬುವವನು ಬಾಡಿಗೆಯ ದರವನ್ನಷ್ಟೇ ಕೇಳಿದರೆ ಸಾಲದು; ತೆಗೆಯುವ ಹಕ್ಕು ಯಾರದು, ಹಗೇವು ಕುಸಿದರೆ ಗತಿಯೇನು ಎಂಬುದನ್ನೂ ಕೇಳಬೇಕಾಗುತ್ತದೆ.

ಮದುವೆಯ ಮನೆಗೆ ಪಾತ್ರೆ ಕೊಡುವ ಕೊಳದ ಐತಿಹ್ಯ ಇಲ್ಲಿ ಸ್ಮರಣೀಯ. ಕರ್ನಾಟಕದ ಹಲವೆಡೆ ಕೇಳಬರುವ ಈ ಕಥನದಲ್ಲಿ, ಭಕ್ತಿಯಿಂದ ಬೇಡಿಕೊಂಡವರಿಗೆ ಕೊಳದ ದೇವತೆ ಪಾತ್ರೆಗಳನ್ನು ಕೊಡುತ್ತಾಳೆ. ಯಾರೋ ಒಬ್ಬರು ಆಸೆಪಟ್ಟು ಒಂದನ್ನು ಉಳಿಸಿಕೊಂಡ ಮೇಲೆ ಕೊಡುವುದು ನಿಲ್ಲುತ್ತದೆ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಫ್ರೆನ್‌ಷಮ್ ಚರ್ಚಿನಲ್ಲಿರುವ ಕೊಪ್ಪರಿಗೆಯ ಬಗೆಗೂ ಇಂತಹುದೇ ಐತಿಹ್ಯವನ್ನು ಜಾನ್ ಆಬ್ರಿ 17ನೆಯ ಶತಮಾನದಲ್ಲಿ ದಾಖಲಿಸಿದ್ದಾನೆ. ಎರಡರಲ್ಲಿಯೂ ತಪ್ಪುವವನು ಪಡೆದವನೇ. ಕೊಡುವ ಶಕ್ತಿ ಎಂದೂ ತಪ್ಪುವುದಿಲ್ಲ. ಕ್ಲೌಡ್‌ನ ವಿಷಯದಲ್ಲಿ ಈ ನಂಬಿಕೆಯನ್ನು ಉಳಿಸಿಕೊಳ್ಳುವಂತಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಬೇರೆಡೆ ಪ್ರತಿ ಇರಿಸಿಕೊಳ್ಳದಿದ್ದ ಗ್ರಾಹಕರು ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. 2024ರ ಮೇ ತಿಂಗಳಿನಲ್ಲಿ ಗೂಗಲ್ ಕ್ಲೌಡ್‌ನ ಸಂರಚನಾ ದೋಷದಿಂದ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯ ಕ್ಲೌಡ್ ಖಾತೆಯೇ ಅಳಿಸಿಹೋಯಿತು. ಮತ್ತೊಂದು ಸೇವಾ ಸಂಸ್ಥೆಯಲ್ಲಿ ಇರಿಸಿದ್ದ ಪ್ರತಿಗಳು ಅದರ ಪುನಃಸ್ಥಾಪನೆಗೆ ನೆರವಾದವು. ಒಂದೇ ಹಗೇವಿನಲ್ಲಿ ಬೀಜದ ಕಾಳನ್ನೆಲ್ಲ ತುಂಬಬಾರದೆಂಬುದು ಇವುಗಳ ಪಾಠ.

ಹೊರಬರುವ ದಾರಿಯೂ ಮುಖ್ಯ. ದತ್ತಾಂಶವನ್ನು ಒಳಗೆ ಹಾಕುವುದು ಸುಲಭ, ಹೊರಕ್ಕೆ ಸಾಗಿಸುವುದು ದುಬಾರಿ ಎಂಬ ಸ್ಥಿತಿ ಬಹುಕಾಲ ಇತ್ತು. 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು ಸೇವೆಯನ್ನು ಪೂರ್ತಿ ತೊರೆಯುವವರಿಗೆ ಈ ಸಾಗಣೆ ಶುಲ್ಕದಿಂದ ವಿನಾಯಿತಿ ಘೋಷಿಸಿದವು. ಆದರೂ ಒಂದು ಸಂಸ್ಥೆಯ ವಿಶಿಷ್ಟ ಸೇವೆಗಳ ಮೇಲೆ ಕಟ್ಟಿದ ತಂತ್ರಾಂಶವನ್ನು ಬೇರೆಡೆಗೆ ಒಗ್ಗಿಸುವ ಶ್ರಮ ಕಡಿಮೆಯಾಗಿಲ್ಲ.

5. ಭಾರತೀಯ ಸಂದರ್ಭ

ಭಾರತ ಸರ್ಕಾರವು ಆಡಳಿತದ ಬಳಕೆಗಾಗಿ ‘ಮೇಘರಾಜ್’ ಎಂಬ ಕ್ಲೌಡ್ ಯೋಜನೆಯನ್ನು ರೂಪಿಸಿತು. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ದೇಶದೊಳಗೆ ಕ್ಲೌಡ್ ಕೇಂದ್ರಗಳನ್ನು ತೆರೆದವು. ಪಾವತಿ ವ್ಯವಸ್ಥೆಗಳ ದತ್ತಾಂಶ ಭಾರತದಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರಲ್ಲಿ ವಿಧಿಸಿತು. ಹಗೇವು ಯಾರ ನೆಲದಲ್ಲಿದೆ ಎಂಬ ಪ್ರಶ್ನೆ ಹೀಗೆ ಕಾನೂನಿನ ಪ್ರಶ್ನೆಯೂ ಆಯಿತು.

ಈ ಚರ್ಚೆ ಉದ್ಯಮಗಳಿಗಷ್ಟೇ ಸಂಬಂಧಿಸಿದುದಲ್ಲ. ಧ್ವನಿಸುರುಳಿಗಳಲ್ಲಿರುವ ಮೌಖಿಕ ಕಾವ್ಯಗಳನ್ನು ಡಿಜಿಟಲ್ ರೂಪಕ್ಕೆ ತಂದು ಕ್ಲೌಡ್‌ನಲ್ಲಿ ಇರಿಸುವ ವಿಚಾರ ನಮ್ಮ ವಿಶ್ವವಿದ್ಯಾಲಯ, ಗ್ರಂಥಾಲಯಗಳ ಮುಂದೆಯೂ ಇದೆ. ಉದ್ಯಮಕ್ಕೆ ತಿಂಗಳ ಬಾಡಿಗೆ ಅನುಕೂಲ, ಏಕೆಂದರೆ ಅದಕ್ಕೆ ತಿಂಗಳ ಆದಾಯವಿದೆ. ಸಂಗ್ರಹಾಲಯಕ್ಕೆ ದೊರೆಯುವುದು ಅವಧಿಯುಳ್ಳ ಅನುದಾನ. ಅದರ ಹೊಣೆಗೆ ಮಾತ್ರ ಅವಧಿಯಿಲ್ಲ. ಬಾಡಿಗೆ ನಿಂತರೆ ಖಾತೆ ಮುಚ್ಚುತ್ತದೆ. ಹಾಡಿದ ಕಲಾವಿದೆ ತೀರಿಕೊಂಡಿದ್ದರೆ ಅಳಿದ ಹಾಡನ್ನು ಮತ್ತೆ ಹಾಡಿಸಲಾಗದು. ಆದುದರಿಂದ ಕ್ಲೌಡ್ ಇಂತಹ ಸಂಸ್ಥೆಗಳಿಗೆ ಒಂದು ಪ್ರತಿಯ ನೆಲೆಯಾಗಬಹುದೇ ಹೊರತು ಏಕೈಕ ನೆಲೆಯಾಗಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಏರಿಳಿತದ ಬೇಡಿಕೆ, ಕಡಿಮೆ ಬಂಡವಾಳ, ಶೀಘ್ರ ಪ್ರಯೋಗ ಇವು ಇರುವೆಡೆ ಕ್ಲೌಡ್‌ನ ವಾಣಿಜ್ಯ ಮೌಲ್ಯ ನಿರ್ವಿವಾದ. ಸ್ಥಿರವಾದ ಹೊರೆಗೆ ಸ್ವಂತದ್ದೇ ಲೇಸು. ಗಣಕಶಕ್ತಿಯನ್ನು ಕೊಪ್ಪರಿಗೆಯಂತೆ ಎರವು ತರಬಹುದು. ದತ್ತಾಂಶವನ್ನು ಬೀಜದ ಕಾಳಿನಂತೆ ಕಾಯಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವ ಸಂಸ್ಥೆಗೆ ಮಾತ್ರ ಈ ವ್ಯವಸ್ಥೆಯಿಂದ ಪೂರ್ಣ ಪ್ರಯೋಜನ ದೊರೆಯುತ್ತದೆ.